ಡ್ರಿಲ್ ಮಾಸ್ತರರ ಕಾವಲುಗಾರ

ನಮ್ಮೂರಿನಲ್ಲಿ ಹೆಣ್ಣು ಕೊಡುವವರೂ ಹೆಣ್ಣು ತರುವವರೂ ಮೊದಲು ನೋಡುವುದು ಬಾಗಿಲನ್ನು. ಚೌಕಟ್ಟಿಗೆ ಎಷ್ಟು ಚಿಂದಿ ಕಟ್ಟಿದೆ ಎಂಬುದರ ಮೇಲೆ ಮಾತುಕತೆ ಮುಂದುವರಿಯುತ್ತದೆ. ಚಿಂದಿ ಎಂದರೆ ರೋಗದ ಅಂಗಿಯ ಚಿಂದಿ. ನಮ್ಮಲ್ಲಿ ಹುಟ್ಟುವ ಪ್ರತಿ ಕೂಸಿನ ಜೊತೆಗೂ ಒಬ್ಬ ಕಾವಲುಗಾರ ಹುಟ್ಟುತ್ತಾನೆ. ತೊಟ್ಟಿಲಲ್ಲಿದ್ದಾಗ ಹೆಬ್ಬೆರಳಿನಷ್ಟಿದ್ದವನು ಕೂಸು ಬೆಳೆದಂತೆ ತಾನೂ ಬೆಳೆದು ಮೊಣಕಾಲೆತ್ತರಕ್ಕೆ ನಿಲ್ಲುತ್ತಾನೆ. ಕೈಯಲ್ಲಿ ಕೋಲು, ಕೊರಳಲ್ಲಿ ಸೀಟಿ. ಮಾತು ಬರುವುದಿಲ್ಲ. ಹೊತ್ತು ಹೊತ್ತಿಗೆ ರೊಟ್ಟಿ ತಿಂದು ಹೊಸ್ತಿಲ ಪಕ್ಕ ಕೂತಿರುತ್ತಾನೆ. ಒಡೆಯನಿಗೆ ನೆಗಡಿಯೋ ಜ್ವರವೋ ಬಂತೆಂದರೆ ಎದ್ದು ಸೀಟಿ ಊದಿ ಅವನ ಮೈಯೊಳಗೆ ನುಗ್ಗುತ್ತಾನೆ, ರೋಗ ಹೊತ್ತು ಹೊಕ್ಕ ಕಳ್ಳರನ್ನು ಬಡಿದು ಹಾಕುತ್ತಾನೆ, ಗುರುತಿಗೆಂದು ಅವರ ಅಂಗಿಯದೊಂದು ಚೂರು ಹರಿದುಕೊಂಡು ಹೊರಗೆ ಬರುತ್ತಾನೆ. ಮನೆಯವರು ಅದನ್ನು ಒಗೆದು ಬಾಗಿಲಿಗೆ ಕಟ್ಟುತ್ತಾರೆ.

ನಾನು ಸಿಂಪಿಗ. ಆ ಚಿಂದಿಗಳನ್ನು ಸಾಲಾಗಿ ಜೋಡಿಸಿ ತೋರಣ ಹೊಲಿದುಕೊಡುವುದು, ಕಾವಲುಗಾರರಿಗೆ ಖಾಕಿ ಚಡ್ಡಿ ಹೊಲಿಯುವುದು ನನ್ನ ಕಸುಬು. ನನ್ನ ಸ್ವಂತ ಬಾಗಿಲ ಸುದ್ದಿ ಕೇಳಬೇಡಿ. ಚಿಕ್ಕಂದಿನ ದಡಾರದ್ದೊಂದು ಚೂರು, ಯಾವುದೋ ಕೆಮ್ಮಿನದ್ದು ಇನ್ನೊಂದು, ಅಷ್ಟೇ. ನಾನು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದರೆ ನನ್ನ ಕಾವಲುಗಾರ ಆಕಳಿಸಿ, ಮೈಮುರಿದು, ಹೋಗಲೋ ಬೇಡವೋ ಎಂದು ಸ್ವಲ್ಪ ಹೊತ್ತು ವಿಚಾರ ಮಾಡಿ ಆಮೇಲೆ ಒಳಗೆ ಹೋಗುವವನು. ಎಷ್ಟೋ ಸಲ ಚಿಂದಿ ತರುವುದನ್ನೇ ಮರೆತು ಬಂದಿದ್ದಾನೆ. ಈ ಕಾರಣಕ್ಕೇ ನನಗೆ ಹೆಣ್ಣು ಸಿಗುವುದು ತಡವಾಯಿತು.

ಒಂದು ಸಂಗತಿ ಹೇಳಿಬಿಡುತ್ತೇನೆ. ಈ ಕಾವಲುಗಾರರು ಅಂಗಿ ನೋಡಿ ಹೊಡೆಯುತ್ತಾರೆ. ಮುಖ ನೋಡುವ ರೂಢಿ ಅವರಿಗಿಲ್ಲ. ನಮ್ಮೂರಿನ ಮಂದಿಗೂ ಆ ರೂಢಿ ಅಷ್ಟಾಗಿ ಇಲ್ಲವಾದ್ದರಿಂದ ಅದೊಂದು ಕೊರತೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಊರಿಗೊಂದು ಕಾವಲು ಸನ್ಮಾನ ಸಮಿತಿಯಿದೆ. ಗುರುಶಾಂತ ದೇಸಾಯರು ಅದರ ಅಧ್ಯಕ್ಷರು. ಯಾರು ಆರಿಸಿದರೋ, ಯಾವಾಗ ಆರಿಸಿದರೋ, ಈಗ ಕೇಳುವವರಿಲ್ಲ. ಅವರ ಕಾವಲುಗಾರನಿಗೆ ಜೋಳದ ಧೂಳು ಕಂಡರೂ ಸಾಕು, ಸೀಟಿ ಊದಿಕೊಂಡು ಒಡೆಯನ ಮೂಗಿನೊಳಗೆ ನುಗ್ಗುತ್ತಾನೆ. ಹಾಗಾಗಿ ರಾಶಿ ಕಾಲದಲ್ಲಿ ದೇಸಾಯರು ಮಾಡುವ ಭಾಷಣದಲ್ಲಿ ಮಾತಿಗಿಂತ ಸೀನೇ ಹೆಚ್ಚು. ಸಭಿಕರು ಪ್ರತಿ ಸೀನಿಗೂ ಚಪ್ಪಾಳೆ ತಟ್ಟುತ್ತಾರೆ. ಅಂಥ ಎಚ್ಚರದ ಕಾವಲುಗಾರ ಯಾರಿಗುಂಟು ಎಂದು ಅವರ ಬೆನ್ನಿಗಿರುವವರು ಹೇಳುತ್ತಾರೆ, ದೇಸಾಯರು ಕಣ್ಣು ಮೂಗು ಒರೆಸಿಕೊಳ್ಳುತ್ತ ಒಪ್ಪಿಕೊಳ್ಳುತ್ತಾರೆ.

ಈ ಸಮಿತಿ ವರ್ಷಕ್ಕೊಮ್ಮೆ ಕಾವಲುಗಾರರ ಪಂದ್ಯ ನಡೆಸುತ್ತದೆ. ಅದರಲ್ಲಿ ಪ್ರತಿ ಸಲ ಗೆಲ್ಲುವುದು ನನ್ನ ಎದುರು ಮನೆಯ ಡ್ರಿಲ್ ಮಾಸ್ತರ್ ಮಡಿವಾಳಪ್ಪನವರ ಕಾವಲುಗಾರ. ಮಾಸ್ತರರು ಮುಂಜಾನೆ ಶಾಲೆಯ ಹುಡುಗರಿಗೆ ಕವಾಯತು ಮಾಡಿಸುವ ಮೊದಲು ತಮ್ಮ ಕಾವಲುಗಾರನಿಗೆ ಮಾಡಿಸುತ್ತಿದ್ದರು. ಎಡ ಬಲ, ಎಡ ಬಲ, ಕೋಲು ಎತ್ತು, ಕೋಲು ಇಳಿಸು. ಅವನ ಕಣ್ಣು ಸದಾ ಕೆಂಪಗೆ. ನೊಣ ಕೂತರೂ ಸೀಟಿ. ಮಾಸ್ತರರ ಹೆಂಡತಿ ದಾನವ್ವ ಖಡಕ್ ರೊಟ್ಟಿ ಮಾಡಿ ಮಾರುವವಳು. ದಿನಾ ಮೊದಲ ರೊಟ್ಟಿ ಅವನಿಗೇ ಹೋಗಬೇಕು. ಅವಳು ಅವನನ್ನು ಒಂದೊಂದು ಸಲ ದುರುಗುಟ್ಟಿ ನೋಡುತ್ತಿದ್ದಳು. ಗಂಡ ತನ್ನ ಕಡೆ ನೋಡಿ ನಕ್ಕದ್ದಕ್ಕಿಂತ ಅವನ ಬೆನ್ನು ತಟ್ಟಿದ್ದು ಹೆಚ್ಚು ಎಂದು ನನ್ನ ಹೆಂಡತಿಯ ಮುಂದೆ ಒಮ್ಮೆ ಅಂದಿದ್ದಳಂತೆ.

ಆ ವರ್ಷದ ಪಂದ್ಯದ ದಿನ ಎಂದಿನಂತೆ ಗೆದ್ದವರಿಗೆ ಹಾಲು ಕುಡಿಸಿದರು. ಕಾಸಿದ ಹಾಲಲ್ಲ. ಕಾಸಿದರೆ ಅದರ ಕಸುವು ಹೋಗುತ್ತದೆ ಎಂಬುದು ಸಮಿತಿಯ ನಂಬಿಕೆ. ಆಗಷ್ಟೇ ಕರೆದ ಹಾಲನ್ನು ಚರಿಗೆಯಲ್ಲಿ ತುಂಬಿ ಮಾಸ್ತರರು ಒಂದೇ ಗುಟುಕಿಗೆ ಕುಡಿದರು. ಉಳಿದದ್ದನ್ನು ಊರವರು ಪ್ರಸಾದದ ಹಾಗೆ ಹಂಚಿಕೊಂಡರು. ಆ ವಾರ ನಮ್ಮೂರಿನ ಅರ್ಧ ಮಂದಿ ಚರಿಗೆ ಹಿಡಿದು ಓಡಾಡಿದ್ದೇ ಓಡಾಡಿದ್ದು. ನಾನೂ ಓಡಿದೆ. ನನ್ನವನು ಯಾವಾಗಲೋ ಒಳಗೆ ಹೋಗಿ, ಯಾವಾಗಲೋ ಹೊರಗೆ ಬಂದು ಮಲಗಿದ. ಮಾಸ್ತರರ ಕಾವಲುಗಾರ ಮಾತ್ರ ಮೊದಲ ದಿನವೇ ಕಳ್ಳರನ್ನು ಮುಗಿಸಿ, ಹಳದಿ ಬಣ್ಣದ ಒಳ್ಳೆ ಅಗಲವಾದ ಚಿಂದಿ ತಂದ. ಭೇದಿ ನಿಂತಿತು. ಮಾಸ್ತರರು ಮೀಸೆ ತಿರುವುತ್ತ ಶಾಲೆಗೆ ಹೋದರು.

ಸ್ವಲ್ಪ ದಿನ ಕಳೆದ ಮೇಲೆ ಒಂದು ಮುಂಜಾನೆ ಅವರ ಕಾವಲುಗಾರ ಮತ್ತೆ ಎದ್ದ. ಮಾಸ್ತರರಿಗೆ ಜ್ವರವಿಲ್ಲ, ನೆಗಡಿಯಿಲ್ಲ. ಆದರೂ ಸೀಟಿ ಊದಿದ, ಒಳಗೆ ಹೋದ, ಅದೇ ಹಳದಿ ಬಣ್ಣದ ಚಿಂದಿ ಹಿಡಿದು ಬಂದ. ಸಂಜೆ ಮತ್ತೆ ಹೋದ, ಮತ್ತೆ ತಂದ. ಮರುದಿನ ಕೈತುಂಬ ತಂದ. ದಾನವ್ವ ತೋರಣ ಹೊಲಿಸಲು ನನ್ನ ಬಳಿ ಕೊಟ್ಟು ಕಳಿಸಿದಳು. ನಾನು ಚಿಂದಿಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಮೊದಲಿನದು ಮತ್ತು ಆಮೇಲಿನವು ಎರಡೂ ಒಂದೇ ಥಾನಿನ ಬಟ್ಟೆ ಎಂದು ಕತ್ತರಿ ಮುಟ್ಟಿ ಹೇಳಿದೆ. ಹೊಟ್ಟೆಯಲ್ಲಿ ಅಡಗಿ ಕೂತಿದ್ದ ಕಳ್ಳರನ್ನು ಹುಡುಕಿ ಹುಡುಕಿ ಹೊಡೆಯುತ್ತಿದ್ದಾನೆಂದು ಊರೆಲ್ಲ ಕೊಂಡಾಡಿತು. ಮಾಸ್ತರರ ಬಾಗಿಲು ಮದುವೆ ಮನೆಯ ಹಾಗೆ ತುಂಬಿತು. ಈ ವರ್ಷ ಅವನಿಗೆ ವಿಶೇಷ ಸನ್ಮಾನ ಎಂದು ಸಮಿತಿ ಡಂಗುರ ಸಾರಿಸಿತು.

ಅದೇ ದಿನಗಳಲ್ಲಿ ಮಾಸ್ತರರ ಚಪ್ಪಲಿ ಕಾಲಿನಿಂದ ಕಳಚಿ ರಸ್ತೆಯಲ್ಲಿ ಉಳಿಯತೊಡಗಿತು. ಅವರಿಗದು ಗೊತ್ತಾಗುತ್ತಲೇ ಇರಲಿಲ್ಲ, ಹಾಗೇ ಮುಂದೆ ನಡೆದುಬಿಡುತ್ತಿದ್ದರು. ಹಿಂದಿನಿಂದ ಯಾರಾದರೂ ಕೂಗಿ ಕೊಡಬೇಕು. ಪಾದದಲ್ಲಿ ಇರುವೆ ಹರಿದಾಡಿದ ಹಾಗೆ ಆಗುತ್ತದೆ ಅಂದರು. ಆಮೇಲೆ ಅದೂ ಇಲ್ಲ, ಪಾದ ಇದೆಯೋ ಇಲ್ಲವೋ ತಿಳಿಯುವುದಿಲ್ಲ ಅಂದರು. ಕವಾಯತಿನಲ್ಲಿ ಎಡ ಅಂದು ಬಲಕ್ಕೆ ಬಿದ್ದರು. ಹುಡುಗರು ಮೊದಲು ನಕ್ಕರು, ಆಮೇಲೆ ಎತ್ತಿಕೊಂಡು ಮನೆಗೆ ತಂದರು. ಮೊಣಕಾಲು ಸತ್ತಿತು, ತೊಡೆ ಸತ್ತಿತು. ಎದ್ದು ನಿಲ್ಲಲಾಗದವರನ್ನು ದಾನವ್ವ ಹಾಸಿಗೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದಳು.

ದೇಸಾಯರು ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದು ನೋಡಿದರು. ಮಾಸ್ತರರನ್ನಲ್ಲ, ಬಾಗಿಲನ್ನು. ಮೈಯೊಳಗೆ ಇಷ್ಟೊಂದು ಕಳ್ಳರು ಅಡಗಿದ್ದರೆ ದಣಿವಾಗುವುದು ಸಹಜ ಎಂದರು, ಕಾವಲುಗಾರನಿಗೆ ಇನ್ನಷ್ಟು ಹುರುಪು ಬರಲಿ ಎಂದು ಸಮಿತಿಯ ಕಷಾಯ ಕೊಟ್ಟು ಹೋದರು. ದಾನವ್ವ ತಾನೇ ಕೈಯಾರೆ ಅದನ್ನು ಅವನಿಗೆ ಕುಡಿಸಿದಳು. ಅವನು ಬಾಯಿ ಒರೆಸಿಕೊಂಡು ಹಾರಿ ಒಳಗೆ ಹೋದ. ಹೊರಗೆ ಬಂದಾಗ ಕೈಯಲ್ಲಿ ಟವೆಲ್ಲಿನಷ್ಟು ದೊಡ್ಡ ಚಿಂದಿ. ಆ ಹೊತ್ತಿಗೆ ಊಟಕ್ಕೆ ಕೂತಿದ್ದ ಮಾಸ್ತರರಿಗೆ ರೊಟ್ಟಿ ಮುರಿಯಲು ಬರಲಿಲ್ಲ. ಬೆರಳುಗಳು ಸುಮ್ಮನೆ ತಾಟಿನ ಮೇಲೆ ಬಿದ್ದುಕೊಂಡವು. ಅವರು ಹೆಂಡತಿಯ ಮುಖ ನೋಡಿದರು. ಅಷ್ಟು ವರ್ಷದಲ್ಲಿ ಮಾಸ್ತರರು ಹೆದರಿದ್ದನ್ನು ದಾನವ್ವ ಕಂಡದ್ದು ಅದೇ ಮೊದಲು.

ಅವಳು ಕಾವಲುಗಾರನ ಕೈಯಿಂದ ಚಿಂದಿ ಕಸಿದುಕೊಂಡಳು. ಒಗೆಯಲು ಬಚ್ಚಲಿಗೆ ಒಯ್ಯುವವಳು ಅಲ್ಲೇ ನಿಂತು ಮೂಸಿ ನೋಡಿದಳು. ರೋಗದ ಚಿಂದಿ ಅಂದರೆ ಹಳಸಿದ ಸಾರಿನ ನಾತ. ಇದಕ್ಕೆ ಆ ನಾತವಿರಲಿಲ್ಲ. ಹರಳೆಣ್ಣೆ, ಬೆವರು, ಬಿಸಿಲಿಗೆ ಕಾದ ಮೈದಾನದ ಮಣ್ಣು. ಅವಳ ಗಂಡನ ವಾಸನೆ. ಅವಳು ಬೀದಿ ದಾಟಿ ನನ್ನ ಅಂಗಡಿಗೆ ಬಂದು ಆ ಚಿಂದಿಯನ್ನು ನನ್ನ ಮಿಷನ್ನಿನ ಮೇಲೆ ಹಾಕಿದಳು.

"ಅಣ್ಣಾ, ಇದು ಕಳ್ಳರ ಅಂಗಿ ಅಲ್ಲ. ಇದು ಅವರದ. ನಾ ಅವರನ್ನ ಹರದು ಹರದು ಬಾಗಲಿಗೆ ಕಟ್ಟಾಕತ್ತೀನಿ."

ಬಟ್ಟೆ ಒಂದೇ ಎಂದು ಹೇಳಿದವನು ನಾನೇ. ಈಗ ನೋಡಿದರೂ ಒಂದೇ. ಅಂಗಡಿಯ ಬಾಗಿಲು ಎಳೆದುಕೊಂಡು ಅವಳ ಜೊತೆ ದವಾಖಾನೆಗೆ ಹೋದೆ.

ದವಾಖಾನೆಯ ಡಾಕ್ಟರ್ ಸುಲೋಚನಾ ಬೆಟಗೇರಿಯವರಿಗೆ ಊರಿನಲ್ಲಿ ಅಂಥ ಮರ್ಯಾದೆಯೇನೂ ಇಲ್ಲ. ಹಾಲು ಕಾಸಿ ಕುಡಿಯಿರಿ ಎಂದು ಬೋರ್ಡು ಬರೆಸಿದ್ದಕ್ಕೆ ಸಮಿತಿಯವರು ಮುಖ ಊದಿಸಿಕೊಂಡಿದ್ದಾರೆ. ಆಕೆ ಮನೆಗೆ ಬಂದು ಮಾಸ್ತರರ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲು ಅಲುಗಲಿಲ್ಲ. ದೊಡ್ಡ ಉಸಿರು ತೆಗೆದುಕೊಳ್ಳಲು ಹೇಳಿದರು. ಮಾಸ್ತರರು ತೆಗೆದುಕೊಂಡದ್ದು ಸಣ್ಣದೇ ಆಯಿತು. ಆಮೇಲೆ ಡಾಕ್ಟರು ದಾನವ್ವನನ್ನು ಅಡಿಗೆಮನೆಗೆ ಕರೆದರು.

"ಹಾಲಿನ್ಯಾಗ ಬಂದ ಕಳ್ಳರು ಯಾವಾಗೋ ಸತ್ತು ಹ್ವಾದ್ರು ದಾನವ್ವ. ಈಗ ಒಳಗ ಯಾರೂ ಇಲ್ಲ. ನರದ ಮ್ಯಾಲ ಒಂದು ಹೊದಿಕಿ ಇರತೈತಿ. ಆ ಕಳ್ಳರ ಅಂಗಿ, ಈ ಹೊದಿಕಿ, ಎರಡೂ ಒಂದ ನಮೂನಿ. ಈ ಕಾವಲುಗಾರಗ ಅಂಗಿ ಅಷ್ಟ ಗೊತ್ತು, ಹೊದಿಕಿನೂ ಹರೀತಾನ. ಹೊದಿಕಿ ಹರದಲ್ಲಿ ನರ ಸುಮ್ಮ ಆಗತೈತಿ."

ಊರಿನವರೆಲ್ಲ ಅದೇ ಹಾಲು ಕುಡಿದಿದ್ದಾರಲ್ಲ, ಇವರೊಬ್ಬರಿಗೇ ಯಾಕೆ ಎಂದು ದಾನವ್ವ ಕೇಳಿದಳು. ಬಹಳ ಮಂದಿಗೆ ಏನೂ ಆಗುವುದಿಲ್ಲ, ಎಲ್ಲೋ ಒಬ್ಬರಿಗೆ ಹೀಗಾಗುತ್ತದೆ, ಯಾಕೆ ಇವರಿಗೇ ಎಂದರೆ ತನಗೂ ತಿಳಿಯದು ಎಂದು ಡಾಕ್ಟರು ಒಪ್ಪಿಕೊಂಡರು. ಹಾಗಾದರೆ ಆ ಕಾವಲುಗಾರನನ್ನು ಒನಕೆಯಿಂದ ಬಡಿದು ಹಾಕುತ್ತೇನೆ ಎಂದಳು ದಾನವ್ವ. ಅದೂ ಕೂಡದು ಅಂದರು ಡಾಕ್ಟರು. ಅವನಿಲ್ಲದಿದ್ದರೆ ನಾಳೆ ಒಂದು ಸಣ್ಣ ನೆಗಡಿಯೂ ಮಾಸ್ತರರನ್ನು ಒಯ್ಯುತ್ತದೆ. ಇರುವುದು ಒಂದೇ ದಾರಿ. ಬೇರೆ ಬೇರೆ ಮನೆಯ ಕಾವಲುಗಾರರನ್ನು ಸಾಧ್ಯವಾದಷ್ಟು ತಂದು ಒಳಗೆ ಬಿಡಬೇಕು. ಅವರ ಗದ್ದಲದಲ್ಲಿ ಇವನಿಗೆ ಕೋಲು ಬೀಸಲು ಜಾಗ ಸಿಗಬಾರದು, ಇವನ ಸಿಟ್ಟು ಇಳಿಯಬೇಕು. ಹರಿದ ಹೊದಿಕೆಯನ್ನು ಮೈ ತಾನೇ ನಿಧಾನಕ್ಕೆ ನೇಯ್ದುಕೊಳ್ಳುತ್ತದೆ.

"ಲಗೂ ಆಗಬೇಕು," ಅಂದರು ಡಾಕ್ಟರು. "ಕಾಲು ಆತು, ಕೈ ಆತು. ಎದಿಗೆ ಹತ್ತಿದ್ರ ಉಸಿರ ನಿಲ್ತೈತಿ."

ದಾನವ್ವ ಸೆರಗು ಸಿಕ್ಕಿಸಿಕೊಂಡು ಮೊದಲು ಹೋದದ್ದು ದೇಸಾಯರ ವಾಡೆಗೆ. ಅಲ್ಲಿ ಸಮಿತಿಯೇ ಸೇರಿತ್ತು, ಸನ್ಮಾನದ ಮೆರವಣಿಗೆಯಲ್ಲಿ ಯಾರು ಮುಂದೆ ಯಾರು ಹಿಂದೆ ಎಂಬ ವಿಷಯ ಇತ್ಯರ್ಥವಾಗದೆ ಎಲ್ಲರ ತಲೆ ಕೆಟ್ಟಿತ್ತು. ಅವಳು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿ ಅವರವರ ಕಾವಲುಗಾರರನ್ನು ಕೇಳಿದಳು. ಪ್ರಶಸ್ತಿ ಗೆದ್ದ ಕಾವಲುಗಾರನ ಸುತ್ತ ಕಾವಲು ಹಾಕುವುದೇ, ನಾಳೆ ಬೇರೆ ಊರಿನವರ ಮುಂದೆ ತಲೆಯೆತ್ತಿ ನಡೆಯುವುದು ಬೇಡವೇ ಎಂದರು ಒಬ್ಬರು. ಡಾಕ್ಟರಮ್ಮನಿಗೆ ಕಾವಲುಗಾರರೆಂದರೆ ಮೊದಲಿನಿಂದಲೂ ಆಗುವುದಿಲ್ಲ ಎಂದರು ಇನ್ನೊಬ್ಬರು. ಕಾವಲುಗಾರ ತಪ್ಪು ಮಾಡುವುದುಂಟೇ ಎಂದು ಮೂರನೆಯವರು ಆಲೋಚನೆಗೆ ಬಿದ್ದರು. ತಪ್ಪು ಮಾಡುವುದಿಲ್ಲ ಎಂದ ಮೇಲೆ, ಮೈಯಿಂದ ಇಷ್ಟು ಚಿಂದಿ ಹೊರಗೆ ಬರುತ್ತಿದೆ ಎಂದ ಮೇಲೆ, ಮಾಸ್ತರನೇ ಒಳಗಿಂದೊಳಗೆ ಕಳ್ಳನಾಗಿರಬೇಕಲ್ಲ. ಈ ಮಾತು ಸಭೆಗೆ ತುಂಬ ಹಿಡಿಸಿತು. ಅದರಿಂದ ಎಲ್ಲವೂ ಸರಿಹೋಗುತ್ತಿತ್ತು. ಸನ್ಮಾನವೂ ನಡೆಯುತ್ತಿತ್ತು, ಮಾಸ್ತರನ ಗತಿಗೂ ಕಾರಣ ಸಿಗುತ್ತಿತ್ತು. ದೇಸಾಯರು ಸೀನಿ ಅನುಮೋದಿಸಿದರು.

ದಾನವ್ವ ಹೊರಗೆ ಬಂದು ಮನೆ ಮನೆ ತಿರುಗಿದಳು. ಚಿಂದಿ ತುಂಬಿದ ಬಾಗಿಲುಗಳು ಒಂದೂ ಪೂರ್ತಿ ತೆರೆಯಲಿಲ್ಲ. ನಮ್ಮವನನ್ನು ಕಳಿಸಿದರೆ ಈ ಕಡೆ ನಮಗೇ ಏನಾದರೂ ಆದರೆ ಎಂದು ಒಬ್ಬರು, ನಮ್ಮವ ಊಟಕ್ಕೆ ಕೂತಿದ್ದಾನೆ ಎಂದು ಒಬ್ಬರು. ಅವಳು ಯಾರ ಮನೆಗೆ ದಿನಾ ರೊಟ್ಟಿ ಕೊಡುತ್ತಿದ್ದಳೋ ಅವರೇ ಒಳಗಿನಿಂದ ಚಿಲಕ ಹಾಕಿಕೊಂಡರು. ಕಡೆಗೆ ನನ್ನ ಅಂಗಡಿಯ ಮುಂದೆ ಬಂದು ಮೆಟ್ಟಿಲ ಮೇಲೆ ಕೂತಳು. ನನ್ನ ಕಾವಲುಗಾರ ಅವಳ ಪಕ್ಕದಲ್ಲೇ ಬಾಯಿ ತೆರೆದು ಮಲಗಿದ್ದ. ಅವಳು ಅವನನ್ನು ನೋಡಿದಳು. ನಾನೂ ನೋಡಿದೆ. ಇಂಥವನು ಯಾರ ಉಪಯೋಗಕ್ಕೆ ಬರುತ್ತಾನೆ ಎಂದು ನನಗೆ ನಾಚಿಕೆಯಾಯಿತು.

"ಇವನ್ನ ಕೊಡ್ತೀರೇನ ಅಣ್ಣಾ?" ಅಂದಳು.

ನಾನು ಅವನನ್ನು ಎತ್ತಿ ಅವಳ ಸೊಂಟಕ್ಕೆ ಕೂರಿಸಿದೆ. ಅವನಿಗೆ ಎಚ್ಚರವೂ ಆಗಲಿಲ್ಲ. ಆಗ ನನಗೆ ಹೊಳೆಯಿತು, ನಮ್ಮೂರಿನಲ್ಲಿ ನನ್ನ ಹಾಗೆ ಬರಿ ಬಾಗಿಲಿನವರು ಬಹಳ ಮಂದಿ ಇದ್ದಾರೆ. ಎದುರಿಗೆ ಸಿಕ್ಕರೆ ಒಬ್ಬರ ಬಾಗಿಲ ಸುದ್ದಿ ಒಬ್ಬರು ಎತ್ತುವುದಿಲ್ಲ, ಅಷ್ಟೇ. ಗಿರಣಿಯವನಿಗೆ ಹೇಳಿದೆ, ಬಳೆಗಾರ್ತಿಗೆ ಹೇಳಿದೆ, ಅವರು ತಮ್ಮಂಥವರಿಗೆ ಹೇಳಿದರು. ಹಾಡುಹಗಲೇ ಒಬ್ಬೊಬ್ಬರಾಗಿ ಬಂದರು. ಕಾವಲುಗಾರರು ಹೆಗಲ ಮೇಲೆ ತೂಕಡಿಸುತ್ತಿದ್ದರು, ಬುಟ್ಟಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಒಬ್ಬನ ಸೀಟಿ ಕಳೆದು ಎಷ್ಟೋ ವರ್ಷವಾಗಿತ್ತು, ಇನ್ನೊಬ್ಬ ಕೋಲನ್ನು ಬೆನ್ನು ತುರಿಸಿಕೊಳ್ಳಲು ಬಳಸುತ್ತಿದ್ದ. ಚಿಂದಿಯ ತೋರಣದ ಕೆಳಗೆ ಹಾದು ಈ ಪಡೆ ಮಾಸ್ತರರ ಮನೆಯೊಳಗೆ ಬಂತು.

ಮಾಸ್ತರರ ಉಸಿರು ಅಷ್ಟು ಹೊತ್ತಿಗೆ ಮೇಲಿಂದ ಮೇಲೆ ಬರುತ್ತಿತ್ತು, ಒಂದು ಮಾತಿಗೂ ಸಾಲುತ್ತಿರಲಿಲ್ಲ. ಅವರ ಕಾವಲುಗಾರ ಒಳಗೇ ಇದ್ದ. ಎದೆಯ ಒಳಗಿನಿಂದ ಅವನ ಸೀಟಿ ನಮಗೆಲ್ಲ ಕೇಳಿಸುತ್ತಿತ್ತು. ಡಾಕ್ಟರು ಮಾಸ್ತರರ ತಲೆಯ ಹತ್ತಿರ ಕೂತು ಒಬ್ಬೊಬ್ಬರನ್ನೇ ಕಳಿಸಿ ಎಂದರು. ನಮ್ಮವರು ಆಕಳಿಸುತ್ತ, ನೀ ಮುಂದೆ ನಾ ಮುಂದೆ ಎನ್ನದೆ, ನೀನೇ ಹೋಗು ಎಂಬಂತೆ ಒಬ್ಬರನ್ನೊಬ್ಬರು ದಬ್ಬುತ್ತ ಒಳಗೆ ಹೋದರು. ಆಮೇಲೆ ಮಾಡುವುದೇನೂ ಇರಲಿಲ್ಲ. ದಾನವ್ವ ಗಂಡನ ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಅದು ಏರಿದರೆ ತಾನೂ ಉಸಿರೆಳೆದು, ಇಳಿದರೆ ತಾನೂ ಬಿಟ್ಟು ಕೂತಳು. ಒಂದು ಸೀಟಿ ಕೇಳಿತು, ಸ್ವಲ್ಪ ಬಿಟ್ಟು ಇನ್ನೊಂದು, ಆಮೇಲೆ ಅರ್ಧ ಸೀಟಿ. ಆಮೇಲೆ ಕೇಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಪ್ರಶಸ್ತಿ ವಿಜೇತ ಹೊರಗೆ ಬಂದ. ಕೈ ಬರಿದಾಗಿತ್ತು. ಅವನ ಹಿಂದೆ ನನ್ನವನು ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಬಂದ. ಒಳಗೆ ಏನು ನಡೆಯಿತೋ ನನಗೆ ಗೊತ್ತಿಲ್ಲ. ನನ್ನವನ ಸ್ವಭಾವ ಬಲ್ಲೆನಾದ್ದರಿಂದ ಏನೂ ನಡೆದಿರಲಿಕ್ಕಿಲ್ಲ ಎಂದು ನಂಬಿದ್ದೇನೆ. ಸುಮ್ಮನೆ ಅಡ್ಡಡ್ಡ ಕೂತಿರಬೇಕು. ಮಾಸ್ತರರ ಕಾವಲುಗಾರ ಹೊಸ್ತಿಲ ಬಳಿ ಕೂತ, ಅತ್ತ ಇತ್ತ ನೋಡಿದ, ತಲೆ ವಾಲಿಸಿ ನಿದ್ದೆಹೋದ. ಅವನು ನಿದ್ದೆ ಮಾಡಿದ್ದನ್ನು ಊರು ಕಂಡಿರಲಿಲ್ಲ. ಮಾಸ್ತರರ ಉಸಿರು ಸಣ್ಣದಾಗಿಯೇ ಇತ್ತು, ಆದರೆ ಇನ್ನಷ್ಟು ಸಣ್ಣದಾಗಲಿಲ್ಲ. ಡಾಕ್ಟರು ಮುಖ ತೊಳೆಯಲು ಹಿತ್ತಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ಸನ್ಮಾನದ ದಿನ ದೇಸಾಯರು ಶಾಲು, ಹಾರ ಹಿಡಿದು ಹಲಗೆಯವರನ್ನೆಲ್ಲ ಕರೆದುಕೊಂಡು ಬಂದರೆ ವಿಜೇತ ಗೊರಕೆ ಹೊಡೆಯುತ್ತಿದ್ದ. ಹಲಗೆ ಬಾರಿಸಿದರೂ ಏಳಲಿಲ್ಲ. ಮಾಸ್ತರನನ್ನು ಕಳ್ಳ ಎಂದು ತೀರ್ಮಾನಿಸಿದ್ದಾಗಿತ್ತು, ಆದರೆ ಕಳ್ಳ ಬದುಕಿಬಿಟ್ಟಿದ್ದ. ಸಮಿತಿ ಅಲ್ಲೇ ರಸ್ತೆಯಲ್ಲಿ ನಿಂತು ತುರ್ತುಸಭೆ ನಡೆಸಿತು. ಕಳ್ಳರು ಈಗ ನಮ್ಮಂಥದೇ ಬಟ್ಟೆ ತೊಟ್ಟು ಬರುವಷ್ಟು ಜಾಣರಾಗಿರುವುದರಿಂದ ಕಾವಲುಗಾರರಿಗೆ ಇನ್ನೂ ಉದ್ದದ ಕೋಲು ಕೊಡತಕ್ಕದ್ದು ಎಂದು ಠರಾವಾಯಿತು. ಶಾಲನ್ನು ದೇಸಾಯರ ಕಾವಲುಗಾರನಿಗೇ ಹೊದಿಸಿದರು. ಶಾಲಿನ ಧೂಳಿಗೆ ಅವನು ಸೀಟಿ ಊದಿದ, ದೇಸಾಯರು ಸೀನಿದರು, ಮೆರವಣಿಗೆ ಮುಂದೆ ಸಾಗಿತು.

ಮಾಸ್ತರರ ಮೈ ನಿಧಾನವಾಗಿ ಮರಳಿತು. ಮೊದಲು ಉಸಿರು ತುಂಬಿತು, ಆಮೇಲೆ ಬೆರಳು ಮಡಚಿದವು, ದಾನವ್ವನ ಹೆಗಲು ಹಿಡಿದು ನಿಲ್ಲುವ ಹಾಗಾದರು. ಪಾದ ಮಾತ್ರ ಇನ್ನೂ ಮಂಕಾಗಿತ್ತು, ಜೋರಾಗಿ ಚಿವುಟಿದರಷ್ಟೇ ತಿಳಿಯುತ್ತಿತ್ತು. ಬಾಗಿಲ ಚಿಂದಿಗಳನ್ನೆಲ್ಲ ದಾನವ್ವ ಬಿಚ್ಚಿ ಪೆಟ್ಟಿಗೆಯಲ್ಲಿ ಮಡಚಿಟ್ಟಳು. ಗಂಡನದೇ ಆದ್ದರಿಂದ ಎಸೆಯಲು ಮನಸ್ಸಾಗಲಿಲ್ಲ. ಕಾವಲುಗಾರನಿಗೆ ರೊಟ್ಟಿ ಹಾಕುತ್ತಿದ್ದಳು, ಮೊದಲಿನದಲ್ಲ, ಕಡೆಯದು. ಅವನ ಮುಖ ನೋಡುತ್ತಿರಲಿಲ್ಲ.

ಗಾಳಿ ಬದಲಾದ ಮೇಲೆ ಊರಿಗೆ ಕೆಮ್ಮು ಬಂತು. ಮಾಸ್ತರರಿಗೂ ಬಂತು. ಮಧ್ಯಾಹ್ನದ ಹೊತ್ತಿಗೆ ಮೈ ಕಾದು ಹಂಚಾಯಿತು, ಹೊಸದಾಗಿ ಮರಳಿದ್ದ ಉಸಿರು ಮತ್ತೆ ಗೊರಗೊರ ಅನ್ನತೊಡಗಿತು. ಹೊಸ್ತಿಲ ಬಳಿ ಕಾವಲುಗಾರ ಕಣ್ಣು ಬಿಟ್ಟ, ಕೋಲು ಹಿಡಿದು ಎದ್ದ. ದಾನವ್ವ ಓಡಿಬಂದು ಎರಡೂ ಕೈಗಳನ್ನು ಚೌಕಟ್ಟಿಗೆ ಒತ್ತಿ ಅಡ್ಡ ನಿಂತಳು. ಬೀದಿಯ ಈಚೆಯಿಂದ ನಾನು ನೋಡಿದೆ, ಹೊಲಿಗೆ ಬಿಟ್ಟು ಹೋದೆ. ಡಾಕ್ಟರು ಆ ಮೊದಲೇ ಬಂದು ಹೇಳಿ ಹೋಗಿದ್ದರಂತೆ, ಅವನನ್ನು ತಡೆಯಬೇಡ, ಈ ಸಲ ಒಳಗೆ ಕಳ್ಳರಿದ್ದಾರೆ, ಹಿಂದಿನ ಹಾಗೆ ಮತ್ತೆ ಆಗುವುದು ಅಪರೂಪ ಎಂದು. ಆಗುವುದೇ ಇಲ್ಲ ಎಂದು ಹೇಳಿ ಎಂದು ಇವಳು ಗೋಗರೆದಿದ್ದಳು. ಅವರು ಹೇಳಿರಲಿಲ್ಲ.

ಒಳಗೆ ಮಾಸ್ತರರು ಕೆಮ್ಮಿದರು. ಕಾವಲುಗಾರ ಅವಳ ಕಾಲ ಬಳಿ ನಿಂತು ತಲೆಯೆತ್ತಿ ನೋಡಿದ. ದಾನವ್ವನೂ ಅವನ ಮುಖ ನೋಡಿದಳು. ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

"ನೀ ಹೋಗದಿದ್ರ ಅವರು ಉಳಿಯಂಗಿಲ್ಲ," ಅಂದಳು. "ನೀ ಹೋದ್ರ ಉಳೀತಾರೋ ಇಲ್ಲೋ ನನಗ ಗೊತ್ತಿಲ್ಲ. ಹೋಗು."

ಅವಳು ಕೈ ಇಳಿಸಿ ಪಕ್ಕಕ್ಕೆ ಸರಿದಳು. ಅವನು ಸೀಟಿ ಊದದೆ ಒಳಗೆ ಹೋದ. ಅವಳು ಅವನ ಹಿಂದೆಯೇ ಹೋಗಿ ಹಾಸಿಗೆಯ ಕೊನೆಯಲ್ಲಿ ಕೂತು, ಗಂಡನ ಎರಡೂ ಪಾದಗಳನ್ನು ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳು ಚಿವುಟಿದಳು. ಮಾಸ್ತರರು ಏನೂ ಅನ್ನಲಿಲ್ಲ. ಅವಳು ನನ್ನ ಕಡೆ ನೋಡಿದಳು. ಮತ್ತೆ ಚಿವುಟಿದಳು, ಉಗುರು ನಾಟುವ ಹಾಗೆ.

"ಏ, ಬಿಡ," ಅಂದರು ಮಾಸ್ತರರು, ಕೆಮ್ಮಿನ ನಡುವೆ. "ನೋವಾಗಾಕತ್ತೈತಿ."

ಅವಳು ಬಿಡಲಿಲ್ಲ. ಜ್ವರ ಇಳಿಯುವ ತನಕ ಚಿವುಟುತ್ತಲೇ ಇದ್ದಳು, ಅವರು ಬೈಯುತ್ತಲೇ ಇದ್ದರು.